ಏಳು ಕಿಲೋ

ಲಾಲ್ಜಿಯ ಅಂಗಡಿಯಿಂದ ರದ್ದಿ ತೂಗುವ ಕೊಕ್ಕೆ ತಕ್ಕಡಿ
ಒಂದು ರಾತ್ರಿಯ ಮಟ್ಟಿಗೆ ಕಡ ತಂದಿದ್ದೇನೆ.
"ಕಾಲು ಕಿಲೋ ಕೂಡಿಸಿ ಓದಿಕೊಳ್ಳಿ ಬಾಯಿ,
ನಿಮ್ಮ ಹತ್ತಿರ ಏನು ಮುಚ್ಚುಮರೆ" ಅಂದ.
ಇಪ್ಪತ್ತು ವರ್ಷ ನನ್ನ ಹಳೇ ಪೇಪರು ತೂಗಿದವನು
ಇವತ್ತು ನಿಜ ಹೇಳಿದ.

ಕೈಚೀಲಕ್ಕೆ ಏಳು ಕಿಲೋ,
ವಿಮಾನದ ಹೊಟ್ಟೆಗೆ ಹದಿನೈದು.
ಬ್ಯಾಟರಿ ಹೊಟ್ಟೆಗೆ ಹಾಕುವಂತಿಲ್ಲ,
ಲೆನ್ಸು ಹಾಕಲು ಮನಸ್ಸಿಲ್ಲ.
ಧನುರ್ಮಾಸ. ಮುಹೂರ್ತಗಳಿಗೆ ರಜೆ, ಹಾಗಾಗಿ ನನಗೂ.
ವಿಕ್ರೋಳಿಯ ಈ ಒಂದೇ ಕೋಣೆಯ ನೆಲದ ತುಂಬ
ಅಂಡಮಾನಿಗೆ ಹೊರಟದ್ದೆಲ್ಲ ಕಾಲು ಚಾಚಿ ಮಲಗಿದೆ.
ನಾನು ಮಂಚದ ಮೇಲೆ.

ಕಪಾಟು ತೆರೆದರೆ ಕಪ್ಪು.
ಕಪ್ಪು ಅಂಗಿ, ಕಪ್ಪು ಪ್ಯಾಂಟು, ಮತ್ತೆ ಕಪ್ಪು ಅಂಗಿ:
ಯಾರ ಮದುವೆಯ ಚಿತ್ರದಲ್ಲೂ ನಾನು ಕಾಣಬಾರದೆಂದು,
ಕಂಡರೂ ಕಂಬದ ನೆರಳೆನಿಸಬೇಕೆಂದು
ಹೊಲಿಸಿಕೊಂಡ ಹನ್ನೊಂದು ಜೊತೆ.
ಎಲ್ಲಕ್ಕೂ ಜೇಬು. ಜೇಬಿನೊಳಗೆ ಜೇಬು.
ಬಣ್ಣದ್ದು ಅಂತ ಸಿಕ್ಕಿದ್ದು
ಪ್ರೆಶರ್ ಕುಕ್ಕರಿನ ಜೊತೆ ಪುಕ್ಕಟೆ ಬಂದ
ಹಳದಿ ಟೀ ಶರ್ಟು ಮಾತ್ರ.

ಹಾಗಾಗಿ ಬಟ್ಟೆಗಳಿಗೆ ಬೇರೆ ಕೆಲಸ ಕೊಟ್ಟೆ.
ಉದ್ದ ಲೆನ್ಸಿಗೆ ಅಪ್ಪನ ಉಣ್ಣೆಯ ಕಾಲುಚೀಲ,
ಸಣ್ಣದಕ್ಕೆ ಒಳಲಂಗದ ಮಡಿಕೆ,
ಫ್ಲ್ಯಾಶು ಹೊಕ್ಕಿತು ನೈಟಿಯ ತೋಳಿಗೆ.
ಟ್ರೈಪಾಡಿಗೆ ಪೈಜಾಮ ತೊಡಿಸಿದೆ.
ಮೂರನೆಯ ಕಾಲು ಹೊರಗೇ ಉಳಿಯಿತು,
ಇರಲಿ, ಸೆಖೆ.

ಅಲ್ಲಿ ಗಾಳಿಯೇ ಒದ್ದೆಯಂತೆ, ಜೋಪಾನವಂತೆ.
ಮುಂಬಯಿಯವಳಿಗೆ ಹೇಳುತ್ತಾರೆ!
ಮೂರು ಮಳೆಗಾಲದ ಹಿಂದೆ ನನ್ನ ಐವತ್ತರ ಲೆನ್ಸಿನೊಳಗೆ
ಬೂಷ್ಟು ಹಿಡಿದು, ಕವಲೊಡೆದು, ಬೇರು ಬಿಟ್ಟು
ಭಾಂಡೂಪಿನ ಮದುಮಗಳೊಬ್ಬಳ ಸುತ್ತ
ಇಲ್ಲದ ಮಂಜು ಕವಿದಿತ್ತು.
ಬಹಳ ಹಿಡಿಸಿತ್ತು ಅವಳಿಗೆ.
ಹೇಗೆ ಮಾಡಿದಿರಿ ಅಂತ ಕೇಳಿದ್ದಳು.

ತೂಗಿದೆ. ಕಾಲು ಕೂಡಿಸಿದೆ. ಎಂಟೂವರೆ.
ಉದ್ದ ಲೆನ್ಸು ತೆಗೆದಿಟ್ಟೆ.
ಮಂಟಪದ ಕೊನೆಯಿಂದ
ಹೆಣ್ಣಿನ ತಂದೆಯ ಕಣ್ಣಂಚು ಹಿಡಿಯುವ ಲೆನ್ಸು ಅದು,
ಮೀನುಗಳಿಗೆ ಅದರ ಹಂಗಿಲ್ಲ.

ಖಾಲಿಯಾದ ಬ್ಯಾಗಿನ ಮೂಲೆ ಕೊಡವಿದರೆ
ಉದುರಿದವು ಅಕ್ಷತೆ.
ಅರಿಸಿನ ಮಾಸಿದವು, ಗುಲಾಬಿ ಬಣ್ಣದ ಮರಾಠಿ ಕಾಳು,
ಒಂದೆರಡು ಬಾಸುಮತಿ, ಉಳ್ಳವರ ಮನೆಯವು.
ಯಾರದೋ ತಲೆಗೆ ಗುರಿಯಿಟ್ಟು ತಪ್ಪಿದ್ದು,
ಇಪ್ಪತ್ತೆರಡು ವರ್ಷ
ಮುಂದುಗಡೆ ಮೊಣಕಾಲೂರಿ ಕೂತವಳ ಚೀಲಕ್ಕೆ ಬಿದ್ದದ್ದು.
ಒಂದು ಹಿಡಿ. ತಕ್ಕಡಿಯ ಮುಳ್ಳು ಅಲುಗಲಿಲ್ಲ.
ಬಿಸಾಡಲು ಎದ್ದವಳಿಗೆ ಹೊಳೆಯಿತು,
ಅಕ್ಕಿಯೂ ತೇವ ಹೀರುತ್ತದೆ.
ಅಪ್ಪನ ಕಾಲುಚೀಲಕ್ಕೆ ತುಂಬಿ, ಗಂಟು ಹಾಕಿ
ಕ್ಯಾಮೆರಾದ ಮಗ್ಗುಲಲ್ಲಿ ಇಟ್ಟೆ.

ಮಿಕ್ಕದ್ದು ಈಜುಡುಗೆ.
ಬಾಂದ್ರಾದ ಹಿಲ್ ರೋಡಿನಲ್ಲಿ ಕೊಂಡದ್ದು, ನವಿಲು ನೀಲಿ.
ಚೌಕಾಸಿ ಮಾಡದೆ ನಾನು ಕೊಂಡ ಬಟ್ಟೆ ಅದೊಂದೇ,
ಅಂಗಡಿಯವನ ಮುಖ ನೋಡಲಾಗದೆ.
ಕೊಕ್ಕೆಗೆ ತೂಗುಹಾಕಿದೆ.
ಲಾಲ್ಜಿಯ ತಕ್ಕಡಿ ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.
ಕೂಡಿಸಿ ಓದಿಕೊಂಡೆ:
ಕಾಲು ಕಿಲೋ.

ರಾತ್ರಿ ಒಂದೂವರೆ. ಅದನ್ನೇ ತೊಟ್ಟು,
ಕ್ಯಾಮೆರಾವನ್ನು ಗ್ಯಾಸಿನ ಕಟ್ಟೆಯ ಮೇಲಿಟ್ಟು
ಹತ್ತು ಸೆಕೆಂಡಿನ ಗುಂಡಿ ಒತ್ತಿದೆ.
ಅಲ್ಲಿ ಮರಳಲ್ಲಿ ಓಡಬೇಕಲ್ಲ, ಅಭ್ಯಾಸವಿರಲಿ.
ಕೆಂಪು ದೀಪ ಮಿಣುಕಿ ಮಿಣುಕಿ ಎಣಿಸಿತು.
ಪೆಟ್ಟಿಗೆ ದಾಟಿದೆ, ತಕ್ಕಡಿ ದಾಟಿದೆ,
ಪೈಜಾಮದ ಮೂರನೆಯ ಕಾಲಿಗೆ ಎಡವಿದೆ.

ಚಿತ್ರದಲ್ಲಿ: ತೆರೆದ ಕಪಾಟಿನ ಕಪ್ಪು,
ಅಂಚಿನಲ್ಲಿ ನೀಲಿಯದೊಂದು ಗೀಚು, ಒಂದು ಮೊಣಕೈ.
ಗಿರಾಕಿಯದಾಗಿದ್ದರೆ ಆಗಲೇ ಅಳಿಸುತ್ತಿದ್ದೆ.

ಹತ್ತು ಸಾಲದು. ಇಪ್ಪತ್ತಕ್ಕೆ ಇಡಲು ಬರುತ್ತದೆಯೇ?
ಇಷ್ಟು ವರ್ಷ ಆ ಗುಂಡಿಯ ಪ್ರಮೇಯವೇ ಬಂದಿರಲಿಲ್ಲ.
ಕೈಪಿಡಿಗಾಗಿ ಮಂಚದಡಿ ತಡಕುತ್ತಿದ್ದೇನೆ.
ಇಲ್ಲ.
ಯಾವ ಕಾಲಕ್ಕೋ ಲಾಲ್ಜಿ ತೂಗಿಕೊಂಡು ಹೋಗಿರಬೇಕು,
ಕಾಲು ಕಿಲೋ ಕಡಿಮೆಗೆ.